ಹಂದಿ ರೂಪಾಯಿ ವಾಪಸ್ ಮಾಡಿದ ಬಗೆ

ಹಳೇ ನಾಣ್ಯದ ಹುಚ್ಚಿರುವವರಿಗೆ 1911ರ ಬೆಳ್ಳಿ ರೂಪಾಯಿ ಗೊತ್ತೇ ಇರುತ್ತದೆ. ಐದನೇ ಜಾರ್ಜ್‌ನ ನಿಲುವಂಗಿ ಮೇಲಿನ ಪುಟಾಣಿ ಆನೆ ಹಂದಿ ತರ ಕಾಣುತ್ತದೆ ಅಂತ ಗಲಾಟೆಯಾಗಿ, ಸರ್ಕಾರ ನಾಣ್ಯವನ್ನು ವಾಪಸ್ ಪಡೆದು ಕರಗಿಸಿತು. 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಉಳಿದ 1911ರ ನಾಣ್ಯಕ್ಕೆ ಅದಕ್ಕೇ ಬೆಲೆ ಜಾಸ್ತಿ.

ಆನ್‌ಲೈನ್ ಹರಾಜಿನಲ್ಲಿ ‘1911, ಅಸಲಿ’ ಅಂತ ಹಾಕಿದ್ದ ಒಂದು ನನ್ನ ಹೆಸರಿಗೆ ನಿಂತಿತು. ರಾಜನ ಕಡೆಯ ಫೋಟೊಗೆ ಬೆಳಕು ಹೊಡೆದು ಆನೆ ಕಾಣುತ್ತಿರಲಿಲ್ಲ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಂಡೆ. ತೂಕ ಹಾಕಿದರೆ 11.6 ಗ್ರಾಂ, ಸರಿಯಾಗೇ ಇದೆ. ಭೂತಗನ್ನಡಿ ಹಿಡಿದೆ. ಆನೆಗೆ ಉದ್ದ ಸೊಂಡಿಲು! ತಿರುಗಿಸಿ ಇಸವಿ ನೋಡಿದರೆ ಕೊನೆಯ 1ರ ಸುತ್ತ ಸಣ್ಣ ಗೀರುಗಳು, ಅಷ್ಟು ಜಾಗ ಮಾತ್ರ ತುಸು ತಗ್ಗು. 2ನ್ನು ಕೆರೆದು 1 ಮಾಡಿದ್ದರು.

ಮಾರಿದವರಿಗೆ ಮೆಸೇಜ್ ಹಾಕಿದೆ. ‘ಬೆಳ್ಳಿ ಅಸಲಿ ಅಲ್ವಾ ಸರ್? ಹಳೇ ಮಾಲಿಗೆ ರಿಟರ್ನ್ ಇಲ್ಲ’ ಅಂದರು.

ಇಲ್ಲಿ ‘ನಕಲಿ’ ಅಂತ ಜಗಳಕ್ಕೆ ನಿಂತರೆ ಕೆಟ್ಟಿರಿ. ಬೆಳ್ಳಿ ಅಸಲಿಯೇ, ಅವರೇ ಗೆಲ್ಲುತ್ತಾರೆ. ಯಾರು ಕೆರೆದರೋ, ಪಾಪ ಮಾರಿದವರಿಗೂ ಗೊತ್ತಿಲ್ಲದಿರಬಹುದು. ಹರಾಜು ತಾಣದ ಕುಂದುಕೊರತೆ ಅಧಿಕಾರಿಗೆ ನಾನು ಬರೆದದ್ದು ಇಷ್ಟೇ: ಜಾಹೀರಾತಿನಲ್ಲಿ 1911, ಬಂದದ್ದು 1912. ಜಾಹೀರಾತಿನ ಸ್ಕ್ರೀನ್‌ಶಾಟ್, ಆನೆಯ ಮತ್ತು ಇಸವಿಯ ಹತ್ತಿರದ ಫೋಟೊ, ವಿಡಿಯೊ ಜೊತೆಗಿಟ್ಟೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ಇದನ್ನೂ ಬರೆದು, ಮುಂದೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗುತ್ತೇನೆ ಅಂತ ಸೇರಿಸಿದೆ. ‘ರಿಟರ್ನ್ ಇಲ್ಲ’ ಅನ್ನುವ ಮಾತು ಆಮೇಲೆ ಬರಲಿಲ್ಲ.

ಅಲ್ಲಿಯವರೆಗೆ ನಾಣ್ಯವನ್ನು ತೊಳೆಯಲಿಲ್ಲ, ಉಜ್ಜಲಿಲ್ಲ. ಮುಟ್ಟಿದರೆ ‘ನೀವೇ ಕೆರೆದಿರಿ’ ಅನ್ನುತ್ತಾರೆ. ಕಳಿಸುವಾಗಲೂ ತಕ್ಕಡಿ ಮೇಲಿಟ್ಟು ಫೋಟೊ ತೆಗೆದು, ಕ್ಯಾಮೆರಾ ಮುಂದೆಯೇ ಲಕೋಟೆ ಅಂಟಿಸಿ ಸ್ಪೀಡ್ ಪೋಸ್ಟ್ ಮಾಡಿದೆ. ಮೊದಲು ಬರೀ ಹರಾಜಿನ ಬೆಲೆ ವಾಪಸ್ ಬಂತು. ಕಮಿಷನ್, ಅಂಚೆ ಖರ್ಚು ಸುಮ್ನೆ ಬಿಡುವುದೇಕೆ ಅಂತ ಅದೇ ಮೇಲ್‌ಗೆ ರಸೀದಿ ಹಾಕಿ ಕೇಳಿದೆ. ಅದೂ ಬಂತು.