ಪಲ್ಪರ್ ನೀರು ಹಳ್ಳಕ್ಕೆ ಬಿಡದೆ ಕಾಫಿ ಮಾಡಿದ ನನ್ನ ಅನುಭವ

ಮೂಡಿಗೆರೆ ಕಡೆ ಡಿಸೆಂಬರ್ ಬಂತೆಂದರೆ ಅರೇಬಿಕಾ ಕಾಫಿ ಕೊಯ್ಲು ಜೋರು. ಅದೇ ಹೊತ್ತಿಗೆ ಕೆಲವು ಹಳ್ಳಗಳ ನೀರು ಕಪ್ಪಾಗಿ, ಹುಳಿ ವಾಸನೆ ಹೊಡೆಯುತ್ತದೆ. ಅದು ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಹೊರಬರುವ ಕೊಳೆ ನೀರು. ನಮ್ಮ ತೋಟದ ಕೆಳಗಿನ ಹಳ್ಳ ಹೇಮಾವತಿ ಸೇರುತ್ತದೆ. ಹೇಮಾವತಿ ಸಕಲೇಶಪುರ ದಾಟಿ ಗೊರೂರು ಡ್ಯಾಮಿಗೆ, ಅಲ್ಲಿಂದ ಮುಂದೆ ಕಾವೇರಿಗೆ. ಪಲ್ಪರ್ ಕೂರಿಸುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು, ಈ ನೀರು ಹಳ್ಳಕ್ಕೆ ಇಳಿಯಬಾರದು ಅಂತ.

ಇದರಲ್ಲಿ ಇರುವುದು ಹಣ್ಣಿನದೇ ಸಕ್ಕರೆ, ಲೋಳೆ. ಆದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಕೊಯ್ಲು ಬರುವುದೂ ಮಳೆ ನಿಂತು ಹಳ್ಳ ಸಣ್ಣಗಾದ ಮೇಲೆ ಅಲ್ವಾ, ಅದಕ್ಕೇ ಪೆಟ್ಟು ಜಾಸ್ತಿ.

ನೋಡಲು ಬರುವವರೆಲ್ಲ ಮೊದಲು ಟ್ಯಾಂಕ್ ಎಷ್ಟು ದೊಡ್ಡದು ಅಂತ ಕೇಳುತ್ತಾರೆ. ನಾನು ಹೇಳುವುದು, ಮೊದಲು ನೀರು ಕಡಿಮೆ ಮಾಡಿ. ಪಲ್ಪಿಂಗ್ ನೀರನ್ನು ನಾವು ಜರಡಿಯಲ್ಲಿ ಸೋಸಿ ಅದೇ ದಿನ ಮತ್ತೆ ಪಲ್ಪರ್‌ಗೆ ಏರಿಸುತ್ತೇವೆ. ಕೊನೇ ಸಲ ತೊಳೆಯುವುದಕ್ಕೆ ಮಾತ್ರ ಹೊಸ ನೀರು. ಸಿಪ್ಪೆಯನ್ನು ನೀರಿನಲ್ಲಿ ಹರಿಸುವುದಿಲ್ಲ, ಬುಟ್ಟಿಯಲ್ಲಿ ಹೊತ್ತು ಹಾಕುತ್ತೇವೆ. ಸಿಪ್ಪೆ ನೆನೆದಷ್ಟೂ ಅದರ ಸಕ್ಕರೆ ನೀರಿಗೆ ಇಳಿಯುತ್ತದೆ. ನೂರು ಕೆಜಿ ಹಣ್ಣಿನಲ್ಲಿ 40 ಕೆಜಿ ಹತ್ತಿರ ಸಿಪ್ಪೆಯೇ ಇರುವಾಗ ಇದು ಸಣ್ಣ ಮಾತಲ್ಲ. ಸಗಣಿ, ಎಲೆಕಸದ ಜೊತೆ ಕೊಳೆತರೆ ಅದೇ ತೋಟಕ್ಕೆ ಒಳ್ಳೇ ಗೊಬ್ಬರ.

ಉಳಿದ ನೀರು ಮೊದಲ ತೊಟ್ಟಿಗೆ. ಬಾವಿಗೆ ಇಂಗದ ಹಾಗೆ ತಳಕ್ಕೆ ದಪ್ಪ ಶೀಟ್ ಹಾಸಿದ್ದೇವೆ. ನೀರು ಹುಳಿ ಬಂದಾಗ ಲೋಳೆ ಹೆಪ್ಪುಗಟ್ಟಿ ಕೆನೆಯ ಹಾಗೆ ಮೇಲೆ ತೇಲುತ್ತದೆ. ಅದನ್ನು ಮೊರದಲ್ಲಿ ಎತ್ತಿ ಗೊಬ್ಬರದ ಗುಂಡಿಗೆ ಹಾಕಬೇಕು. ಆಮೇಲೆ ಸುಣ್ಣ. ಪುಡಿಯನ್ನು ಸುಮ್ನೆ ಎರಚಿದರೆ ತಳಕ್ಕೆ ಕೂರುತ್ತದೆ. ಬಕೆಟ್‌ನಲ್ಲಿ ಕದಡಿ, ಸ್ವಲ್ಪ ಸ್ವಲ್ಪವೇ ಸುರಿದು ಕೋಲಿನಿಂದ ತಿರುವಬೇಕು. 4ರ ಹತ್ತಿರ ಇದ್ದ ಪಿಎಚ್ (ಹುಳಿಯ ಅಳತೆ, 7 ಅಂದರೆ ಹುಳಿ ಇಲ್ಲ) 7ಕ್ಕೆ ಬಂತೇ ಅಂತ ಪಿಎಚ್ ಕಾಗದ ಅದ್ದಿ ನೋಡುತ್ತೇನೆ. ಹುಳಿ ಉಳಿದರೆ ಮುಂದಿನ ತೊಟ್ಟಿಯ ಬ್ಯಾಕ್ಟೀರಿಯಾ ಕೆಲಸ ಮಾಡುವುದಿಲ್ಲ. ಆ ತೊಟ್ಟಿಗೆ ಸಗಣಿ ಬಗ್ಗಡ ಹಾಕಿ ವಾರಗಟ್ಟಲೆ ಬಿಡುತ್ತೇವೆ. ಗುಳ್ಳೆ ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಲೆಕ್ಕ. ಕೊನೆಯ ತೊಟ್ಟಿ ಆಳ ಇಲ್ಲ, ಅಲ್ಲಿ ಗಾಳಿ ಆಡಿಸುತ್ತೇವೆ.

ಎರಡು ಮೂರು ಎಕರೆಯವರಿಗೆ ಇಷ್ಟು ಖರ್ಚು ಕಷ್ಟ. ಅವರು ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಬಹುದು. ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ರೇಟು ಸಿಗುವುದಿಲ್ಲ, ನಿಜ. ಆದರೆ ಪಲ್ಪರ್ ನೀರಿನ ತಾಪತ್ರಯವೇ ಇಲ್ಲ.