ಗ್ರಿಪ್ ಇದ್ದರೂ ಹಿಂದಿನ ಟೈರ್ ಯಾಕೆ ಬದಲಿಸುತ್ತೇನೆ

ಬೈಕಿನ ಹಿಂದಿನ ಟೈರಿನಲ್ಲಿ ಗೆರೆಗಳು ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೇ ನಾನು ಅದನ್ನು ಬಿಚ್ಚಿಸಿ ಹೊಸದು ಹಾಕಿಸುತ್ತೇನೆ. ದಾವಣಗೆರೆಯಲ್ಲಿರುವ ನನ್ನ ಸೋದರಮಾವನ ಮಗನಿಗೆ ಇದು ಸುಮ್ನೆ ದುಡ್ಡು ದಂಡ. "ಭಾವ, ಗ್ರಿಪ್ ಇನ್ನೂ ಐತಲ್ಲ, ಯಾಕೆ ಬಿಚ್ಚಿಸ್ತೀಯಾ?" ಅಂತ ಪ್ರತಿ ಸಲ ಕೇಳುತ್ತಾನೆ. ಗೆರೆ ಎಷ್ಟು ಆಳ ಇದೆ ಅನ್ನೋದು ಒಂದು ಲೆಕ್ಕ, ಟೈರ್ ಇನ್ನೂ ದುಂಡಗಿದೆಯಾ ಅನ್ನೋದು ಬೇರೆಯದೇ ಲೆಕ್ಕ. ತಿರುವುಗಳ ರಸ್ತೆಯಲ್ಲಿ ಓಡಾಡುವವರು ನೋಡಬೇಕಾದದ್ದು ಎರಡನೆಯದನ್ನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನದು ಪಲ್ಸರ್ ಎನ್‌ಎಸ್ 200. ಇರುವುದು ಚಿತ್ರದುರ್ಗದಲ್ಲಿ, ಕೆಲಸ ಬೀಜದ ಕಂಪನಿಯಲ್ಲಿ, ಹಾಗಾಗಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಆಗಾಗ ಚನ್ನಗಿರಿ ಕಡೆಯ ಹಳ್ಳಿ ರಸ್ತೆಗಳೇ ನನ್ನ ಆಫೀಸು. ರಜಾ ಸಿಕ್ಕಿದರೆ ಮಲೆನಾಡು. ನಮ್ಮ ಬಯಲುಸೀಮೆಯವರ ಸಮಸ್ಯೆ ಶುರುವಾಗುವುದು ಇಲ್ಲೇ. ಆಗುಂಬೆಗೆ ಹೊರಟೆವು ಅಂದುಕೊಳ್ಳಿ. ದುರ್ಗ ಬಿಟ್ಟು ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ ಮುಟ್ಟುವವರೆಗೆ ನೂರು ಕಿಲೋಮೀಟರ್‌ಗೂ ಮಿಕ್ಕಿ ಹೆಚ್ಚುಕಡಿಮೆ ನೇರ ಓಟ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಡೆ ತುಂಗೆಯ ಪಕ್ಕದಲ್ಲಿ ಹೋಗುವಾಗ ರಸ್ತೆ ಬಳುಕಲು ಶುರುವಾಗುತ್ತದೆ, ತೀರ್ಥಹಳ್ಳಿ ಆದ ಮೇಲೆ ಇನ್ನೂ ಜಾಸ್ತಿ, ಕೊನೆಗೆ ಘಾಟಿಯ 14 ಹೇರ್‌ಪಿನ್ ತಿರುವು. ಕೆಮ್ಮಣ್ಣುಗುಂಡಿಗೆ ಹೋದರೂ ಅಷ್ಟೇ, ತರೀಕೆರೆ ದಾಟಿ ಲಿಂಗದಹಳ್ಳಿ ಬರುವ ತನಕ ಗಾಡಿ ಬಾಗಿಸುವ ಪ್ರಸಂಗವೇ ಬರುವುದಿಲ್ಲ. ಇನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ 48ನೇ ಹೆದ್ದಾರಿ ಹಿಡಿದರೆ ಗಂಟೆಗಟ್ಟಲೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತಿರುತ್ತದೆ.

ಇಂಜಿನ್ ಎಳೆಯುವುದು ಹಿಂದಿನ ಚಕ್ರದಿಂದ. ಹಿಂದೆ ಕೂತವರ ಭಾರ, ಬ್ಯಾಗಿನ ಭಾರ, ಎಲ್ಲಾ ಅದರ ಮೇಲೆಯೇ. ಹಾಗಾಗಿ ನಡುವಿನ ಎರಡು ಮೂರು ಬೆರಳಗಲದ ಪಟ್ಟಿ ಸವೆದು ಚಪ್ಪಟೆಯಾಗುತ್ತದೆ, ಅಕ್ಕಪಕ್ಕದ ರಬ್ಬರ್ ಹೊಸದರ ಹಾಗೇ ಉಳಿಯುತ್ತದೆ. ಇಂಥ ಟೈರ್ ಹಾಕಿಕೊಂಡು ತಿರುವಿಗೆ ಹೋದರೆ ಗಾಡಿ ಮೊದಲು ಬಾಗಲು ಒಪ್ಪುವುದಿಲ್ಲ, ಹ್ಯಾಂಡಲ್ ಒತ್ತಬೇಕಾಗುತ್ತದೆ. ಒತ್ತಿದ ಮೇಲೆ, ಚಪ್ಪಟೆ ಭಾಗದ ಅಂಚು ದಾಟಿದ ಕ್ಷಣ, ಮೇಜಿನ ಅಂಚಿನಿಂದ ಜಾರಿದ ಹಾಗೆ ಒಮ್ಮೆಗೇ ಒಳಕ್ಕೆ ಬೀಳುತ್ತದೆ. ಮುಂದಿನ ಟೈರ್ ಮಾತ್ರ ದುಂಡಗೇ ಇರುತ್ತದೆ, ಅದು ಮೆತ್ತಗೆ ಬಾಗುತ್ತದೆ. ಒಂದೇ ಗಾಡಿಯ ಎರಡು ಚಕ್ರ ಎರಡು ರೀತಿ ನಡೆದುಕೊಂಡರೆ ಹೇಗಿರುತ್ತದೆ ಹೇಳಿ. ಅದೂ ಅಲ್ಲದೆ ಆ ಅಂಚಿನ ಮೇಲೆ ನಿಂತಾಗ ರಸ್ತೆಗೆ ತಾಗುವ ರಬ್ಬರ್ ಕಮ್ಮಿ, ನಾವು ತಿರುವು ಮುಗಿಸುತ್ತಾ ಆಕ್ಸಿಲೇಟರ್ ಕೊಡುವುದೂ ಸರಿಯಾಗಿ ಆಗಲೇ. ಇದೆಲ್ಲಾ ಒಂದೇ ದಿನ ಆಗುವುದಿಲ್ಲ, ಸಾವಿರಾರು ಕಿಲೋಮೀಟರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಆಗುತ್ತದೆ, ಅಷ್ಟರಲ್ಲಿ ನಮ್ಮ ಕೈ ಒಗ್ಗಿಹೋಗಿರುತ್ತದೆ. ಫೋರ್ಕ್ ಬೇರಿಂಗ್ ಹೋಗಿದೆ, ಶಾಕ್ ಹೋಗಿದೆ ಅಂತ ಮೆಕ್ಯಾನಿಕ್ ಹತ್ತಿರ ಹೋಗುವ ಎಷ್ಟೋ ಜನರ ಗಾಡಿಯಲ್ಲಿ ಹೋಗಿರುವುದು ಟೈರಿನ ಆಕಾರ.

ಇದು ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಅದಕ್ಕೇ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಹೊಸ ಟೈರ್ ಹಾಕಿಸಿದ ವಾರದಲ್ಲೇ ಒಂದು ದಪ್ಪ ರಟ್ಟನ್ನು ಅದರ ದುಂಡಗಿನ ಮೈಗೆ ಸರಿಯಾಗಿ ಕೂರುವಂತೆ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಆಮೇಲೆ ಎಣ್ಣೆ ಬದಲಿಸುವಾಗಲೆಲ್ಲ ಅದೇ ರಟ್ಟನ್ನು ಟೈರಿನ ಮೇಲೆ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ನಡುವೆ ಎಷ್ಟು ಬೆಳಕು ತೂರಿ ಬರುತ್ತದೋ ಅಷ್ಟು ಸವೆದಿದೆ ಅಂತ ಅರ್ಥ. ಸಣ್ಣ ಡೆಪ್ತ್ ಗೇಜ್ ಇದ್ದರೆ ನಡುವಿನ ಗೆರೆಯ ಆಳ, ಪಕ್ಕದ ಗೆರೆಯ ಆಳ ಎರಡನ್ನೂ ಬರೆದಿಟ್ಟುಕೊಳ್ಳಬಹುದು. ಕಾನೂನಿನ ಪ್ರಕಾರ ಬೈಕ್ ಟೈರಿನ ಗೆರೆ 0.8 ಮಿಲಿಮೀಟರ್‌ಗಿಂತ ಕಮ್ಮಿ ಆಗಬಾರದು. ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತ ಬರೆದಿರುತ್ತದೆ, ಅದರ ನೇರಕ್ಕೆ ಗೆರೆಯ ಒಳಗೆ ಸಣ್ಣ ಉಬ್ಬು ಇರುತ್ತದೆ, ರಬ್ಬರ್ ಅದಕ್ಕೆ ಸಮ ಆದರೆ ಟೈರ್ ಮುಗಿಯಿತು. ಆದರೆ ನನ್ನ ಓಡಾಟದಲ್ಲಿ ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಆಕಾರ ಕೆಟ್ಟಿರುತ್ತದೆ.

ಇನ್ನೊಂದು ವಿಷಯ ಗಮನಿಸಿ ನೋಡಿ. ನಮ್ಮಲ್ಲಿ ಟೈರಿನ ಬಲಗಡೆ ಎಡಗಡೆಗಿಂತ ಸ್ವಲ್ಪ ಜಾಸ್ತಿ ಸವೆಯುತ್ತದೆ. ನಾವು ಎಡಕ್ಕೆ ಹೋಗುವವರು. ಬಲ ತಿರುವಿನಲ್ಲಿ ಹೊರಗಿನ ಸುತ್ತು ನಮ್ಮದು, ಎಡ ತಿರುವಿನಲ್ಲಿ ಒಳಗಿನದು, ಹೊರಗಿನ ಸುತ್ತು ಉದ್ದ, ಹಾಗಾಗಿ ಬಲಕ್ಕೆ ಬಾಗಿಕೊಂಡು ಹೋಗುವ ದೂರವೇ ಹೆಚ್ಚು. ಜೊತೆಗೆ ಮಳೆ ನೀರು ಹರಿದು ಹೋಗಲಿ ಅಂತ ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ, ಅಲ್ಲಿ ಗಾಡಿ ನೇರ ನಿಂತರೂ ಟೈರು ನೆಲಕ್ಕೆ ತಾಗುವುದು ನಡುವಿಗಿಂತ ಒಂಚೂರು ಬಲಕ್ಕೆ. ಇಷ್ಟು ವ್ಯತ್ಯಾಸ ಸಹಜ. ಅದಕ್ಕಿಂತ ಜಾಸ್ತಿ ಕಂಡರೆ, ಅಥವಾ ಕೈಯಾಡಿಸಿದಾಗ ಅಲೆ ಅಲೆಯಾಗಿ ಸಿಕ್ಕರೆ, ಚಕ್ರದ ಅಲೈನ್‌ಮೆಂಟ್ ನೋಡಿಸಿ. ಚೈನ್ ಟೈಟ್ ಮಾಡುವಾಗ ಎರಡೂ ಕಡೆಯ ಗುರುತು ಸಮ ಮಾಡದೆ ಬಿಡುವ ಹುಡುಗರು ಬಹಳ.

ಗಾಳಿ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮುಂದೆ 25, ಹಿಂದೆ ಒಬ್ಬನೇ ಇದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ ಹಾಕಿಸುತ್ತೇನೆ, ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ನೋಡುವುದು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ. ಬಂಕಿನಿಂದ ಬಂಕಿಗೆ ಮೀಟರ್ ಬೇರೆ ಬೇರೆ ತೋರಿಸುತ್ತದೆ, ಅದಕ್ಕೆ ಒಂದು ಸ್ವಂತ ಗೇಜ್ ಇಟ್ಟುಕೊಂಡಿದ್ದೇನೆ. ಇರಲಿ ಅಂತ ಜಾಸ್ತಿ ಹೊಡೆಸಿದರೆ ನಡುಭಾಗ ಇನ್ನೂ ಬೇಗ ಸವೆಯುತ್ತದೆ, ಮೊದಲೇ ನಮ್ಮ ಕಡೆ ಸವೆಯುವುದು ನಡುಭಾಗ. ಕಮ್ಮಿ ಇದ್ದರೆ ಟೈರಿನ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರು ರಸ್ತೆಯಲ್ಲಿ ಅದು ಆಟವಲ್ಲ. ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ವಾರಕ್ಕೊಮ್ಮೆ ನೋಡುವ ಅಭ್ಯಾಸ ಇದ್ದರೆ ಮಾಮೂಲಿ ಗಾಳಿ ಸಾಕು.

ಟೈರ್ ಆರಿಸುವಾಗ ನಾನು ಮೊದಲು ಯೋಚಿಸುವುದು ಕಂಪನಿ ಹೆಸರಲ್ಲ, ನಮ್ಮ ರಸ್ತೆ ಮೇಲೆ ಏನೇನು ಬಿದ್ದಿರುತ್ತದೆ ಅನ್ನೋದು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವಲ್ಲಿ ಕೆಂಪು ದೂಳು ನುಣ್ಣಗೆ ಹರಡಿರುತ್ತದೆ. ಸುಗ್ಗಿಯಲ್ಲಿ ಹುರುಳಿ, ರಾಗಿ ತಂದು ರಸ್ತೆಗೇ ಹರವುತ್ತಾರೆ, ಗಾಡಿಗಳು ತುಳಿದು ಒಕ್ಕಣೆ ಆಗಲಿ ಅಂತ. ತಿರುವು ಮುಗಿದ ಕೂಡಲೇ ಹುರುಳಿ ಸೊಪ್ಪಿನ ರಾಶಿ ಎದುರಾದರೆ ಜಗತ್ತಿನ ಯಾವ ಟೈರೂ ಹಿಡಿಯುವುದಿಲ್ಲ, ಅಲ್ಲಿ ಗಾಡಿ ನೇರ ಮಾಡಿಕೊಂಡು, ಬ್ರೇಕ್ ಮುಟ್ಟದೆ, ಮೆಲ್ಲಗೆ ದಾಟುವುದೊಂದೇ ದಾರಿ. ರೈತರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ, ಅವರಿಗೆ ಬೇರೆ ಕಣ ಎಲ್ಲಿದೆ? ಇನ್ನು ಬಳ್ಳಾರಿ ಜಾಲಿ ಮುಳ್ಳು. ಹಿರಿಯೂರು ಕಡೆ ರಸ್ತೆ ಪಕ್ಕದ ಬೇಲಿ ಸವರಿದ ದಿನ ಪಂಚರ್ ಅಂಗಡಿಯವರಿಗೆ ಕೈತುಂಬಾ ಕೆಲಸ. ನಡುಭಾಗ ತೆಳ್ಳಗಾದ ಟೈರಿಗೆ ಮುಳ್ಳು ಸಲೀಸಾಗಿ ಇಳಿಯುತ್ತದೆ. ಅದಕ್ಕೇ ನನಗೆ ಟ್ಯೂಬ್‌ಲೆಸ್ಸೇ ಬೇಕು, ಬ್ಯಾಗಿನಲ್ಲಿ ತೂತು ಮುಚ್ಚುವ ರಬ್ಬರ್ ಸ್ಟ್ರಿಪ್ ಮತ್ತು ಸಣ್ಣ ಪಂಪು ಯಾವಾಗಲೂ ಇರುತ್ತದೆ. ಆದರೆ ಪಂಚರ್ ಟೈರಿನ ಪಕ್ಕದ ಗೋಡೆಯಲ್ಲಿ ಆಗಿದ್ದರೆ ಸ್ಟ್ರಿಪ್ ಹಾಕಿ ನಂಬಬೇಡಿ, ಆ ಟೈರನ್ನೇ ಬಿಟ್ಟುಬಿಡಿ.

ರಬ್ಬರ್ ಗಟ್ಟಿ ಇದ್ದರೆ ಬಾಳಿಕೆ, ಮೆತ್ತಗಿದ್ದರೆ ಹಿಡಿತ. ಎರಡೂ ಪೂರ್ತಿ ಒಟ್ಟಿಗೆ ಸಿಗುವುದಿಲ್ಲ. ನನ್ನ ಓಡಾಟಕ್ಕೆ ಗಟ್ಟಿ ರಬ್ಬರಿನ ಟೈರ್ 25 ಸಾವಿರ ಕಿಲೋಮೀಟರ್ ಆಸುಪಾಸು ಬಂದಿದೆ, ಮೆತ್ತನೆಯದು 15 ಸಾವಿರ. ಲೆಕ್ಕದಲ್ಲಿ ಗಟ್ಟಿಯದೇ ಲಾಭ ಅನ್ನಿಸುತ್ತದೆ, ಅಲ್ವಾ? ಆದರೆ ಆ 25 ಸಾವಿರದಲ್ಲಿ ಕೊನೆಯ ಹತ್ತು ಸಾವಿರ ಚಪ್ಪಟೆ ಟೈರಿನಲ್ಲೇ ಓಡಿಸಿದ ಹಾಗೆ. ನಡುವೆ ಗಟ್ಟಿ, ಪಕ್ಕಕ್ಕೆ ಮೆತ್ತಗೆ, ಹೀಗೆ ಎರಡು ಬಗೆಯ ರಬ್ಬರ್ ಸೇರಿಸಿ ಮಾಡಿದ ಟೈರುಗಳೂ ಇವೆ, ನೂರಾರು ಕಿಲೋಮೀಟರ್ ನೇರ ಹೋಗಿ ಆಮೇಲೆ ಘಾಟಿ ಹತ್ತುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ನಿಮ್ಮ ಸೈಜಿನಲ್ಲಿ ಸಿಕ್ಕರೆ ಬಿಡಬೇಡಿ. ಮಲೆನಾಡಿನ ಮಳೆಗೆ ಹೋಗುವವರು ಗೆರೆಗಳು ನೀರನ್ನು ಹೊರಕ್ಕೆ ತಳ್ಳುವ ಹಾಗೆ ನಡುವಿನಿಂದ ಅಂಚಿನ ಕಡೆಗೆ ಓಡಿವೆಯಾ ಅಂತ ನೋಡಬೇಕು. ನಾನು ಈಗ ಹಾಕಿಸಿರುವುದು ಮಿಶೆಲಿನ್ ಪೈಲಟ್ ಸ್ಟ್ರೀಟ್ 2, ಮುಖ್ಯವಾಗಿ ಒದ್ದೆ ರಸ್ತೆಯಲ್ಲಿ ಅದು ಕೊಡುವ ಧೈರ್ಯಕ್ಕೆ. ಅದಕ್ಕೂ ಮೊದಲು ಎಂಆರ್‌ಎಫ್ ಝಾಪರ್ ಇತ್ತು, ಹಳ್ಳಿ ರಸ್ತೆಗೆ ಅದೂ ಚೆನ್ನಾಗಿಯೇ ನಡೆಯಿತು. ಹೊಲದ ದಾರಿ ಇರುತ್ತದೆ ಅಂತ ಕೆಲವರು ಬಟನ್ ಟೈರ್, ಅಂದರೆ ಮೈತುಂಬಾ ದಪ್ಪ ರಬ್ಬರ್ ಗಡ್ಡೆಗಳಿರುವುದು, ಹಾಕಿಸುತ್ತಾರೆ. ಮಣ್ಣಿನಲ್ಲಿ ಅದು ರಾಜ. ಡಾಂಬರಿನ ತಿರುವಿನಲ್ಲಿ ಮಾತ್ರ ಆ ಬಟನ್‌ಗಳು ಅಲ್ಲಾಡುತ್ತವೆ, ಸವೆಯುವುದೂ ಬೇಗ. ದಿನದ ಮುಕ್ಕಾಲು ಪಾಲು ಡಾಂಬರು ಅಂದ ಮೇಲೆ ನನಗೆ ಅದು ಬೇಡ.

ಸೈಜು ದೊಡ್ಡದು ಹಾಕಿಸುವ ಹುಚ್ಚಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನನ್ನ ಗಾಡಿಯ ಹಿಂದಿನದು 130/70-17. ಅಂದರೆ ಅಗಲ 130 ಮಿಲಿಮೀಟರ್, ಗೋಡೆಯ ಎತ್ತರ ಅದರ 70 ಪರ್ಸೆಂಟ್, ಅಂದರೆ 91, ರಿಮ್ 17 ಇಂಚು. ಇದರ ಜಾಗಕ್ಕೆ 140/70 ಹಾಕಿದರೆ ಗೋಡೆ 98 ಆಗುತ್ತದೆ, ಪೂರ್ತಿ ಚಕ್ರ 14 ಮಿಲಿಮೀಟರ್ ದೊಡ್ಡದಾಗುತ್ತದೆ, ಚೈನ್ ಪಕ್ಕದ ಜಾಗ ಕಮ್ಮಿಯಾಗುತ್ತದೆ. ಅದಕ್ಕಿಂತ ಮುಖ್ಯ, ಅಗಲ ಟೈರನ್ನು ಸಣ್ಣ ರಿಮ್ಮಿಗೆ ಕೂರಿಸಿದರೆ ಎರಡೂ ಅಂಚು ಒಳಕ್ಕೆ ಎಳೆದುಕೊಂಡು ಅದರ ಆಕಾರವೇ ಬದಲಾಗುತ್ತದೆ. ಯಾವ ಆಕಾರಕ್ಕಾಗಿ ಇಷ್ಟೆಲ್ಲಾ ಒದ್ದಾಡುತ್ತೇವೋ ಅದನ್ನು ಅಂಗಡಿಯಲ್ಲೇ ಕೆಡಿಸಿಕೊಂಡು ಬಂದ ಹಾಗಾಯಿತು. ಹಿಂದಿನಿಂದ ನೋಡಲು ಚೆಂದ ಕಾಣುತ್ತದೆ, ಒಪ್ಪುತ್ತೇನೆ. ತಿರುವಿನಲ್ಲಿ ಗಾಡಿ ಭಾರ ಅನ್ನಿಸುತ್ತದೆ.

ಸೈಜಿನ ಪಕ್ಕ 62P, 62S ಅಂತ ಇರುತ್ತದೆ. 62 ಅಂದರೆ ಆ ಟೈರ್ 265 ಕೆಜಿ ತಡೆಯುತ್ತದೆ. P ಅಂದರೆ ಗಂಟೆಗೆ 150 ಕಿಲೋಮೀಟರ್ ತನಕ, S ಅಂದರೆ 180. ಕಂಪನಿ ಕೊಟ್ಟದ್ದಕ್ಕಿಂತ ಕಮ್ಮಿಯದು ತಗೋಬೇಡಿ. ಅಡ್ಡಗೆರೆಯ ಜಾಗದಲ್ಲಿ R ಇದ್ದರೆ ರೇಡಿಯಲ್, ಅಂದರೆ ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಕ್ಕೆ ಹಾಯ್ದಿರುವುದು, ಮಾಮೂಲಿ ಟೈರಿನಲ್ಲಿ ಅದು ಓರೆಯಾಗಿರುತ್ತದೆ. ಹಿಂದೆ ರೇಡಿಯಲ್, ಮುಂದೆ ಮಾಮೂಲಿ ಟೈರ್ ಇಟ್ಟು ಕಂಪನಿಯವರೇ ಗಾಡಿ ಮಾಡುತ್ತಾರೆ, ಯಮಹಾ ಆರ್15 ಹಾಗೇ ಬರುತ್ತದೆ. ಉಲ್ಟಾ, ಅಂದರೆ ಮುಂದೆ ರೇಡಿಯಲ್ ಹಿಂದೆ ಮಾಮೂಲಿ, ಮಾಡಲು ಹೋಗಬೇಡಿ.

ಅಂಗಡಿಯಲ್ಲಿ ಬಿಲ್ಲಿಗಿಂತ ಮೊದಲು ತಯಾರಾದ ದಿನಾಂಕ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಅಂತ ಇದ್ದರೆ 2024ರ 23ನೇ ವಾರ. ಒಂದು ಅಂಗಡಿಯಲ್ಲಿ ಒಳ್ಳೆ ಡಿಸ್ಕೌಂಟ್ ಕೊಡ್ತೀವಿ ಅಂತ ತೋರಿಸಿದ ಟೈರ್ ತಯಾರಾಗಿ ನಾಲ್ಕು ವರ್ಷ ಕಳೆದಿತ್ತು. "ಅಣ್ಣ, ಇದು ಹಳೇದಲ್ವಾ?" ಅಂದೆ. "ಸ್ಟಾಕ್ ಸರ್, ಓಡಿಸೇ ಇಲ್ಲ, ಹೊಸದೇ" ಅಂದರು. ಓಡದೇ ಇದ್ದರೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ, ನಮ್ಮೂರಿನ ಬಿಸಿಲಿಗೆ ತಗಡಿನ ಗೋಡೌನಿನಲ್ಲಿ ಇಟ್ಟಿದ್ದರೆ ಕೇಳಲೇಬೇಡಿ. ವಾಪಸ್ ಕೊಟ್ಟು ಬೇರೆ ಕಡೆ ಹೋದೆ.

ಕೂರಿಸುವಾಗ ಟೈರ್ ಮೇಲಿನ ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇದೆಯಾ ಅಂತ ನಿಂತು ನೋಡಿ. ವಾಲ್ವ್ ಹೊಸದು ಹಾಕಿಸಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಹೊಸ ಟೈರಿನ ಮೈ ನುಣ್ಣಗೆ ಹೊಳೆಯುತ್ತಿರುತ್ತದೆ, ಮೊದಲ 150 ಕಿಲೋಮೀಟರ್ ಅದು ಜಾರುತ್ತದೆ ಅಂತಲೇ ತಿಳಿದು ಓಡಿಸಬೇಕು. ಪಾಲಿಶ್ ಗೀಲಿಶ್ ಹಚ್ಚುತ್ತೇವೆ ಅಂದರೆ ಬೇಡ ಅನ್ನಿ. ನಾನು ಮೊದಲ ದಿನ ಹೊಳಲ್ಕೆರೆ ಕಡೆ ಸುಮ್ನೆ ಒಂದು ಸುತ್ತು ಹೋಗಿ ಬರುತ್ತೇನೆ. ಆಮೇಲೆ ಹಿರಿಯೂರಿನಿಂದ ಹೊಸದುರ್ಗದ ಕಡೆ, ವಾಣಿವಿಲಾಸ ಸಾಗರದ ಗುಡ್ಡಗಳ ಹತ್ತಿರ ಸಿಗುವ ತಿರುವುಗಳಲ್ಲಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ ಜಾಸ್ತಿ ಬಾಗಿಸುತ್ತಾ ಪಕ್ಕದ ರಬ್ಬರ್ ಕೂಡ ಒರಟಾಗುವ ಹಾಗೆ ನೋಡಿಕೊಳ್ಳುತ್ತೇನೆ. ಬ್ರೇಕ್ ಜೋರಾಗಿ ಹಿಡಿಯುವುದಿಲ್ಲ, ಮಳೆ ಬಂದರೆ ನಿಲ್ಲಿಸಿಬಿಡುತ್ತೇನೆ. ಮಾರನೇ ದಿನ ಬೆಳಿಗ್ಗೆ ಗಾಳಿ ಮತ್ತೆ ಅಳೆಯಿರಿ. ಎರಡು ಮೂರು ಪಿಎಸ್‌ಐ ಇಳಿದಿದ್ದರೆ ವಾಲ್ವಿನ ಬುಡಕ್ಕೂ ರಿಮ್ಮಿನ ಅಂಚಿಗೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಅವತ್ತೇ ಅಂಗಡಿಗೆ ವಾಪಸ್ ತಗೊಂಡು ಹೋಗಿ.