ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರನ್ನು ನಾನು ಪರೀಕ್ಷಿಸಿದ ಬಗೆ

ಬಳಸಿದ ಸಣ್ಣ ಡೀಸೆಲ್ ಕಾರನ್ನು ನೋಡಲು ಹೊರಡುವ ಮುನ್ನ ಮಾರುವವರಿಗೆ ನಾನು ಒಂದೇ ಷರತ್ತು ಹಾಕುತ್ತಿದ್ದೆ: ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಇಂಧನ ಹೊತ್ತಿಕೊಳ್ಳಬೇಕು. ಆದ್ದರಿಂದ ಕಂಪ್ರೆಷನ್ (ಗಾಳಿ ಒತ್ತುವ ಬಲ), ಇಂಧನ ಚಿಮ್ಮಿಸುವ ಇಂಜೆಕ್ಟರ್, ತಣ್ಣಗಿರುವಾಗ ಒಳಗೆ ಶಾಖ ಕೊಡುವ ಗ್ಲೋ ಪ್ಲಗ್, ಬ್ಯಾಟರಿ ಇವುಗಳಲ್ಲಿ ಯಾವುದು ಸೊರಗಿದ್ದರೂ ಎಂಜಿನ್ ತಣ್ಣಗಿರುವಾಗಲೇ ಅದು ಬಯಲಾಗುತ್ತದೆ. ಬಿಸಿಯಾದ ಮೇಲೆ ರೋಗಿಷ್ಠ ಎಂಜಿನ್ ಕೂಡ ಚೆನ್ನಾಗಿಯೇ ಓಡಬಹುದು. ಬಾನೆಟ್ ಎತ್ತಿ ಮುಟ್ಟಿದಾಗ ಬೆಚ್ಚಗಿದ್ದರೆ, ಕಾರು ಎಷ್ಟೇ ಹೊಳೆಯುತ್ತಿರಲಿ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂದಿರುಗುತ್ತಿದ್ದೆ.

ಮೊದಲು ನೋಡುತ್ತಿದ್ದುದು ಎಂಜಿನ್ ಆಯಿಲ್‌ನ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್. ಆಯಿಲ್ ಕಪ್ಪಾಗಿದೆ ಎಂದು ಹೆದರಬೇಕಾಗಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಅದು ಬದಲಾಯಿಸಿದ ಸ್ವಲ್ಪ ಕಾಲದಲ್ಲೇ ಮಸಿ ಸೇರಿ ಕಪ್ಪಾಗುತ್ತದೆ. ನನಗೆ ಅನುಮಾನ ಹುಟ್ಟಿಸುತ್ತಿದ್ದುದು ಮೇಲಿನ ಗೆರೆಯನ್ನು ದಾಟಿದ, ನೀರಿನಂತೆ ತೆಳುವಾದ, ಡೀಸೆಲ್ ವಾಸನೆಯ ಆಯಿಲ್. ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಇರುವ ಕಾರುಗಳಲ್ಲಿ, ಕೂಡಿದ ಮಸಿಯನ್ನು ಸುಡಲು ಹೆಚ್ಚುವರಿ ಇಂಧನ ಚಿಮ್ಮಿಸಿ ಫಿಲ್ಟರಿನ ತಾಪವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕಾಗುತ್ತದೆ. ಕಾರು ಸದಾ ಹತ್ತಿರದ ಓಡಾಟಕ್ಕಷ್ಟೇ ಬಳಕೆಯಾಗಿದ್ದರೆ ಈ ಕೆಲಸ ಪದೇ ಪದೇ ಅರ್ಧಕ್ಕೆ ನಿಲ್ಲುತ್ತದೆ, ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್‌ಗೆ ಬೆರೆಯುತ್ತದೆ, ತೆಳುವಾದ ಆಯಿಲ್ ಬೇರಿಂಗನ್ನೂ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊವನ್ನೂ ಸವೆಸುತ್ತದೆ. ಹೀಗಾಗಿ ಓಡೋಮೀಟರ್ ಕಡಿಮೆ ಕಿಲೋಮೀಟರ್ ತೋರಿಸುತ್ತಿದೆ ಎಂಬುದನ್ನು ನಾನು ಹೊಗಳಿಕೆಯಾಗಿ ಎಂದೂ ಪರಿಗಣಿಸಲಿಲ್ಲ.

ಸ್ಟಾರ್ಟ್ ಮಾಡಲು ಇನ್ನೊಬ್ಬರಿಗೆ ಹೇಳಿ ನಾನು ಸೈಲೆನ್ಸರ್ ಬಳಿ ನಿಲ್ಲುತ್ತಿದ್ದೆ. ಕಣ್ಣು ಉರಿಸುವ ಬಿಳಿ ಹೊಗೆ ಎಂಜಿನ್ ಕಾಯುವವರೆಗೆ ಬರುತ್ತಿದ್ದರೆ ಗ್ಲೋ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ದೋಷ. ಕಾದ ಮೇಲೂ ನಿಲ್ಲದೆ, ಎಂಜಿನ್ ತಂಪಾಗಿಸುವ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟವಾದ ಕಪ್ಪು ಹೊಗೆ ಬಂದರೆ, ಗಾಳಿ ಸಾಲದಾಗಿದೆ ಅಥವಾ ಇಂಧನ ಹೆಚ್ಚಾಗಿದೆ ಎಂದರ್ಥ. ಟರ್ಬೊದಿಂದ ಬರುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ನ ಪೈಪ್ ಸೀಳಿದ್ದರೂ ಸಾಕು, ಅದು ಸುಲಭದ ರಿಪೇರಿ. ಆ ಪೈಪಿನೊಳಗೆ ಆಯಿಲ್‌ನ ತೆಳು ಜಿಡ್ಡು ಇರುವುದು ಸಹಜ, ಅದಕ್ಕಾಗಿ ಟರ್ಬೊ ಹೋಗಿದೆ ಎಂದು ತೀರ್ಮಾನಿಸಬಾರದು. ಇಂಜೆಕ್ಟರ್‌ಗಳ ಬುಡದಲ್ಲಿ ಡಾಂಬರಿನಂತಹ ಕಪ್ಪು ಅಂಟು ಕಂಡು, ಜೊತೆಗೆ ಚುಸ್ ಚುಸ್ ಎಂಬ ಸದ್ದೂ ಕೇಳಿದರೆ, ಅಲ್ಲಿನ ತಾಮ್ರದ ವಾಷರ್ ಸೋರುತ್ತಿದೆ. ವಾಷರ್ ಅಗ್ಗವೇ ಆದರೂ, ಅಂಟಿನಲ್ಲಿ ಸಿಕ್ಕಿಕೊಂಡ ಇಂಜೆಕ್ಟರ್ ಹೊರತೆಗೆಯುವುದು ಕಷ್ಟ.

ನಾನು ಚೌಕಾಸಿಗೂ ಇಳಿಯದೆ ಬಿಟ್ಟುಬಂದ ದೋಷವೆಂದರೆ ಬ್ಲೋ-ಬೈ, ಅಂದರೆ ಸಿಲಿಂಡರಿನ ಅನಿಲ ಪಿಸ್ಟನ್ ಪಕ್ಕದಿಂದ ಕೆಳಗೆ ಸೋರುವುದು. ಕಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡುತ್ತಿದ್ದೆ. ಸ್ವಲ್ಪ ನಡುಗಿದರೆ ಚಿಂತೆಯಿಲ್ಲ. ಭುಸುಭುಸು ಹೊಗೆ ಉಗುಳಿ ಮುಚ್ಚಳವನ್ನೇ ತಳ್ಳಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿರುವ ಸಾಧ್ಯತೆ ಹೆಚ್ಚು, ಅಂದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ.

ಓಡಿಸುವಾಗ ಮೇಲಿನ ಗೇರಿನಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಿದ್ದೆ. ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಆಫ್ ಮಾಡುವಾಗ ಗಡಗಡ ಅದುರಿದರೆ, ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರನ್ನು ತಗ್ಗಿಸುವ ಎರಡು ಭಾಗಗಳ ಚಕ್ರ) ಇರುವ ಕಾರುಗಳಲ್ಲಿ ಅದು ಸವೆದಿರಬಹುದು. ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ಸವೆದರೂ ಅದುರುತ್ತದೆಯಾದ್ದರಿಂದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿಯೇ ನಿರ್ಧರಿಸುತ್ತಿದ್ದೆ. ಕೊನೆಗೆ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ, ದೋಷದ ಕೋಡ್‌ಗಳಿಗಿಂತ ಮೊದಲು, ಕೋಡ್ ಅಳಿಸಿದ ನಂತರ ಕಾರು ಎಷ್ಟು ದೂರ ಓಡಿದೆ ಎಂಬುದನ್ನು ಓದುತ್ತಿದ್ದೆ. ಆ ದೂರ ತೀರಾ ಕಡಿಮೆಯಿದ್ದರೆ ಏನನ್ನು ಅಳಿಸಿದಿರಿ ಎಂದು ನೇರವಾಗಿ ಕೇಳುತ್ತಿದ್ದೆ.

ನಾನು ಕೊಂಡ ಕಾರಿನಲ್ಲಿ ಎಂಜಿನ್ ಮೌಂಟ್ ಸವೆದಿತ್ತು, ಒಂದು ಗ್ಲೋ ಪ್ಲಗ್ ಸತ್ತಿತ್ತು, ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದಕ್ಕೆ ರಸೀದಿ ಇರಲಿಲ್ಲ. ಬೆಲ್ಟ್ ತುಂಡಾದರೆ ಪಿಸ್ಟನ್ನುಗಳು ವಾಲ್ವ್‌ಗಳಿಗೆ ಬಡಿಯುತ್ತವೆ. ಆದ್ದರಿಂದ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನೂ ಬೆಲೆಯಲ್ಲೇ ಕಳೆಯಿಸಿಕೊಂಡು, ಕಾರನ್ನು ದಿನಬಳಕೆಗೆ ಇಳಿಸುವ ಮುನ್ನ ಅವನ್ನು ಒಟ್ಟಿಗೇ ಬದಲಾಯಿಸಿದೆ.